ಸೋಲ್ ಬ್ಲೂಸ್ ಕೇಳಲು ಶುರುಮಾಡುವುದು ಹೇಗೆ

ಮೊಬೈಲ್‌ನಲ್ಲಿ ಸುಮ್ಮನೆ ‘ಸೋಲ್ ಬ್ಲೂಸ್’ ಅಂತ ಹುಡುಕಿದರೆ ಗಂಟೆಗಟ್ಟಲೆ ಹರಿಯುವ ಗಿಟಾರ್ ಮಿಕ್ಸ್‌ಗಳೇ ಹೆಚ್ಚಾಗಿ ಸಿಗುತ್ತವೆ. ಅವನ್ನು ಬಿಡಿ. ಅಮೆರಿಕದ ಕಪ್ಪು ಜನರ ಈ ಸಂಗೀತ ನಿಂತಿರುವುದೇ ದನಿಯ ಮೇಲೆ: ಬ್ಲೂಸ್‌ನ ಕಟ್ಟು, ಚರ್ಚಿನ ಗಾಸ್ಪೆಲ್ ಗಾಯನ, ಬೆನ್ನಿಗೆ ಟ್ರಂಪೆಟ್ ಸ್ಯಾಕ್ಸೊಫೋನ್‌ಗಳು. ಗಾಯಕರ, ಲೇಬಲ್‌ಗಳ (ರೆಕಾರ್ಡ್ ಕಂಪನಿಗಳ) ಹೆಸರು ಹಿಡಿದೇ ಹುಡುಕಬೇಕು.

ಮೊದಲಿಗೆ ಬಾಬಿ ‘ಬ್ಲೂ’ ಬ್ಲ್ಯಾಂಡ್. ಡ್ಯೂಕ್ ಲೇಬಲ್‌ನ 1961ರ ‘ಟೂ ಸ್ಟೆಪ್ಸ್ ಫ್ರಮ್ ದ ಬ್ಲೂಸ್’ ಆಲ್ಬಮನ್ನು ಪೂರ್ತಿ ಕೇಳಿ. ಮೆತ್ತಗೆ ಹಾಡುತ್ತಿದ್ದವರು ಇದ್ದಕ್ಕಿದ್ದಂತೆ ಗಂಟಲು ಕೆರೆದ ಹಾಗೆ ಒರಟಾಗಿ ಕೂಗುವ ಜಾಗಗಳನ್ನು ಗಮನಿಸಿ. ಪಾದ್ರಿ ಸಿ.ಎಲ್. ಫ್ರಾಂಕ್ಲಿನ್ ಅವರ ಪ್ರವಚನ ಕೇಳಿ ಕೇಳಿ ಕಲಿತದ್ದು ಅದು.

ಆಮೇಲೆ 1962ರಲ್ಲಿ ಹೊರಬಂದ ಅವರ ‘ಸ್ಟಾರ್ಮಿ ಮಂಡೇ’ ಹಾಕಿ, ಆದಿತಾಳ ಹಾಕುತ್ತಾ ಕೇಳಿ. ಹಾಡಿನ ಒಂದು ಸುತ್ತಿಗೆ ಹನ್ನೆರಡು ಬಾರ್, ಒಂದು ಬಾರ್‌ಗೆ ನಾಲ್ಕು ಅಕ್ಷರ (ಎಣಿಕೆ). ಅಂದರೆ 48 ಅಕ್ಷರ, ಎಂಟೆಂಟು ಅಕ್ಷರದ ಸರಿಯಾಗಿ ಆರು ಆವರ್ತ. ನಿಧಾನದ ಹಾಡು, ಒಳಗಿನ ನಡೆ ತಿಶ್ರ, ಅಂದರೆ ಒಂದೊಂದು ಅಕ್ಷರದೊಳಗೆ ಮೂರು. ಒಂದು ಸಾಲಿಗೆ ಎರಡು ಆವರ್ತ. ಮೂರನೆಯ ಆವರ್ತದ ಸಮಕ್ಕೆ (ಮೊದಲ ಅಕ್ಷರಕ್ಕೆ) ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಷಡ್ಜದಿಂದ ಮಧ್ಯಮಕ್ಕೆ ಜರುಗುತ್ತದೆ. ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಒಂದೇ ಕಡೆ: ಹಾಡಿನ ಮೊದಲ ಮಾತಿಗೇ ಸಮ ಇಟ್ಟುಬಿಡುತ್ತೇವೆ. ಇಲ್ಲಿ ಅತೀತ ಎಡುಪಿನ ಹಾಗೆ ಮಾತು ಸಮಕ್ಕಿಂತ ಮುಂಚೆಯೇ ಬರುತ್ತದೆ. ಒಂದು ಸುತ್ತು ಸುಮ್ಮನಿದ್ದು ಡ್ರಮ್ ಹಿಡಿದುಕೊಂಡು, ಎರಡನೇ ಸುತ್ತಿಗೆ ಕೈ ಹಾಕಿ. ಎಲ್ಲ ಹಾಡೂ ಈ ಹನ್ನೆರಡರ ಲೆಕ್ಕಕ್ಕೆ ಬರುವುದಿಲ್ಲ, ಬಲವಂತ ಬೇಡ.

ಮುಂದೆ ಅಮೆರಿಕದ ಮೆಂಫಿಸ್ ನಗರ. ಓ.ವಿ. ರೈಟ್ ಹಾಡಿದ ‘ಎ ನಿಕಲ್ ಅಂಡ್ ಎ ನೇಲ್’ (1971) ತಪ್ಪಿಸಲೇಬೇಡಿ. ಪ್ರೀತಿ, ದುಡ್ಡು ಎರಡೂ ಕಳೆದುಕೊಂಡವನ ಜೇಬಿನಲ್ಲಿ ಉಳಿದದ್ದು ಐದು ಸೆಂಟಿನ ಒಂದು ನಾಣ್ಯ, ಒಂದು ಮೊಳೆ. ಸಾಹಿತ್ಯ ಒಮ್ಮೆ ಓದಿಕೊಂಡು ಕೇಳಿದರೆ ಎದೆಗೆ ನಾಟುತ್ತದೆ. ಆನ್ ಪೀಬಲ್ಸ್, ಲಿಟಲ್ ಮಿಲ್ಟನ್ ಆಮೇಲೆ. ಮಿಸಿಸಿಪ್ಪಿಯ ಜ್ಯಾಕ್ಸನ್ ಊರಿನ ಮಲಾಕೊ ಲೇಬಲ್‌ನಿಂದ ಝಡ್.ಝಡ್. ಹಿಲ್ ಅವರ ‘ಡೌನ್ ಹೋಮ್ ಬ್ಲೂಸ್’, ಡೆನೀಸ್ ಲಾಸಾಲ್, ಜಾನಿ ಟೇಲರ್ ಅವರ 1996ರ ‘ಲಾಸ್ಟ್ ಟೂ ಡಾಲರ್ಸ್’. ಇತ್ತೀಚಿನ ರೆಕಾರ್ಡಿಂಗ್‌ಗಳಲ್ಲಿ ಡ್ರಮ್ ಮೆಷಿನ್, ಕೀಬೋರ್ಡ್ ಜಾಸ್ತಿ. ಅದಕ್ಕೇ ಬೇಜಾರಾಗಿ ಬಿಟ್ಟುಬಿಟ್ಟರೆ ಒಳ್ಳೊಳ್ಳೆಯ ದನಿಗಳು ಕೈತಪ್ಪುತ್ತವೆ.

ಶೀರ್ಷಿಕೆಯ ಪಕ್ಕ ‘ರೀ-ರೆಕಾರ್ಡೆಡ್’ ಅಂತಿದ್ದರೆ ಅದು ಎಷ್ಟೋ ವರ್ಷದ ಮೇಲೆ ಮತ್ತೆ ಹಾಡಿದ್ದು, ಮೂಲದ ಬಿಸಿ ಅದರಲ್ಲಿ ಇರುವುದು ಅಪರೂಪ. ‘ರೀಮಾಸ್ಟರ್ಡ್’ ಆದರೆ ಅಡ್ಡಿಯಿಲ್ಲ, ಹಾಡಿಕೆ ಹಳೆಯದೇ.

ಬಾಸ್ ಗಿಟಾರಿನ ತೀರಾ ಕೆಳಗಿನ ತಂತಿ ಸುಮಾರು 41 ಹರ್ಟ್ಜ್. ಫೋನ್ ಸ್ಪೀಕರಿನಲ್ಲಿ ಅಷ್ಟು ಕೆಳಗಿನ ನಾದ ಹೊರಡುವುದೇ ಇಲ್ಲ, ಬಿಎಂಟಿಸಿ ಬಸ್ಸಿನಲ್ಲಿ ಎಂಜಿನ್ ಸದ್ದು ಅದನ್ನು ನುಂಗುತ್ತದೆ. ಮನೆಯಲ್ಲಿ, ಹೆಡ್‌ಫೋನ್‌ನಲ್ಲಿ, ‘ಬಾಸ್ ಬೂಸ್ಟ್’ ಆಫ್ ಮಾಡಿ ಕೇಳಿ. ಬೂಸ್ಟ್ ಹಾಕಿದರೆ ಬಾಸ್ ಉಬ್ಬಿ ಗಾಯಕರ ದನಿ ಮಸುಕಾಗುತ್ತದೆ.

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಹಳೇ ಎಲ್‌ಪಿ ರೆಕಾರ್ಡ್ ಕಣ್ಣಿಗೆ ಬಿದ್ದರೆ ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಕೂದಲೆಳೆ ಗೀರುಗಳು ಚಟಪಟ ಅನ್ನುತ್ತವೆ ಅಷ್ಟೆ. ಉಗುರಿಗೆ ತಗಲುವ ಗೀರಿದ್ದರೆ ಮುಳ್ಳು ಹಾರುತ್ತದೆ, ಕೊಳ್ಳಬೇಡಿ. ಕವರಿನೊಳಗೆ ಬೇರೆಯೇ ರೆಕಾರ್ಡ್ ಇರುವುದೂ ಉಂಟು, ರೆಕಾರ್ಡಿನ ನಡುವೆ ಅಂಟಿಸಿದ ಚೀಟಿ ಓದಿಯೇ ದುಡ್ಡು ಕೊಡಿ.