ದೂರದ ಟಿವಿ ಸಿಗ್ನಲ್ಲಿಗೆ ಬೂಸ್ಟರ್ ಎಲ್ಲಿರಬೇಕು: ನನ್ನ ಅನುಭವ

ದೂರದ ಪ್ರಸಾರ ಕೇಂದ್ರದ ಡಿಜಿಟಲ್ ವಾಹಿನಿಗಳು ನಮ್ಮ ಆಂಟೆನಾಕ್ಕೆ ಸಿಗುತ್ತಿದ್ದರೂ ಚಿತ್ರ ಆಗಾಗ ಚೌಕಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಟಿವಿಯ ಮೆನುವಿನಲ್ಲಿ ಸಿಗ್ನಲ್ಲಿನ ಬಲ ಚೆನ್ನಾಗಿಯೇ ಕಾಣುತ್ತಿತ್ತು. ಗುಣಮಟ್ಟದ ಪಟ್ಟಿ ಮಾತ್ರ ಮೇಲೇಳುತ್ತಿರಲಿಲ್ಲ. ಈ ವ್ಯತ್ಯಾಸವೇ ಸುಳಿವು ಕೊಟ್ಟಿತು. ಟಿವಿಯ ಹಿಂದೆ ಕೂರಿಸಿದ್ದ ಬೂಸ್ಟರ್ (ಸಿಗ್ನಲ್ಲನ್ನು ಹಿಗ್ಗಿಸುವ ಆಂಪ್ಲಿಫೈಯರ್), ಕೇಬಲ್ಲಿನಲ್ಲಿ ಸೊರಗಿ ಬಂದ ಸಿಗ್ನಲ್ಲನ್ನೂ ಅದರೊಡನೆ ಬೆರೆತ ಗದ್ದಲವನ್ನೂ (ಬೇಡದ ವಿದ್ಯುತ್ ಏರಿಳಿತವನ್ನೂ) ಒಂದೇ ಸಮನೆ ಹಿಗ್ಗಿಸುತ್ತಿತ್ತು. ಆರ್‌ಜಿ-6 ಕೇಬಲ್ಲಿನ 30 ಮೀಟರ್ ಉದ್ದದಲ್ಲಿ ಯುಎಚ್‌ಎಫ್ (ಟಿವಿ ಪ್ರಸಾರಕ್ಕೆ ಬಳಸುವ ಒಂದು ತರಂಗಪಟ್ಟಿ) ಸಿಗ್ನಲ್ ಸುಮಾರು 5 ಡೆಸಿಬೆಲ್ ಕುಗ್ಗುತ್ತದೆ, ಅಂದರೆ ಆಂಟೆನಾ ಹಿಡಿದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಮಾತ್ರ ಟಿವಿಯನ್ನು ತಲುಪುತ್ತದೆ.

ಆದ್ದರಿಂದ ಕೇಬಲ್ಲಿನಲ್ಲಿ ಸೊರಗುವ ಮೊದಲೇ ಸಿಗ್ನಲ್ಲನ್ನು ಹಿಗ್ಗಿಸಲು, ಕಂಬದ ಮೇಲೆ, ಆಂಟೆನಾದ ಪಕ್ಕದಲ್ಲೇ ಕೂರುವ ಕಡಿಮೆ ಗದ್ದಲದ ಆಂಪ್ಲಿಫೈಯರ್ ಹಾಕಿ, ಅದಕ್ಕೆ ಬೇಕಾದ ವಿದ್ಯುತ್ತನ್ನು ಅದೇ ಕೇಬಲ್ಲಿನ ಮೂಲಕ ಕೆಳಗಿನಿಂದ ಕಳಿಸಿದೆ. ನಡುವೆ ಸಿಗ್ನಲ್ಲನ್ನು ಹಲವು ಟಿವಿಗಳಿಗೆ ಹಂಚುವ ಸ್ಪ್ಲಿಟರ್ ಇದ್ದರೆ ಅದು ಮೇಲಕ್ಕೆ ಹೋಗುವ ಈ ಡಿಸಿ (ಏಕಮುಖ) ವಿದ್ಯುತ್ತನ್ನು ಹಾಯಲು ಬಿಡುವಂಥದ್ದೇ ಆಗಿರಬೇಕು. ಹಳೆಯ ಕನೆಕ್ಟರ್ ಬಿಚ್ಚಿದಾಗ ಒಳಗಿನ ತಾಮ್ರ ಹಸಿರುಗಟ್ಟಿತ್ತು. ಅಷ್ಟನ್ನು ಕತ್ತರಿಸಿ ಹೊಸದನ್ನು ಹಾಕಿ, ನೀರಿಳಿಯದಂತೆ ರಬ್ಬರ್ ಟೇಪ್ ಸುತ್ತಿದೆ. ಗುಣಮಟ್ಟದ ಪಟ್ಟಿಯನ್ನೇ ನೋಡುತ್ತಾ ಆಂಟೆನಾವನ್ನು ಕೂದಲೆಳೆಯಷ್ಟು ತಿರುಗಿಸಿದ ಮೇಲೆ ಚಿತ್ರ ಒಡೆಯುವುದು ನಿಂತಿತು. ಹತ್ತಿರದಲ್ಲೇ ಪ್ರಬಲ ಪ್ರಸಾರ ಗೋಪುರವಿರುವವರಿಗೆ ಮಾತ್ರ ಈ ಉಪಾಯ ಒಗ್ಗದಿರಬಹುದು: ಆ ಬಲವಾದ ಸಿಗ್ನಲ್ಲಿಗೆ ಆಂಪ್ಲಿಫೈಯರ್ ತತ್ತರಿಸಿ, ದೂರದ ವಾಹಿನಿಗಳೂ ಕೆಡುತ್ತವೆ.