ಮುಟ್ಟಿನ ನೋವನ್ನು ಕಡೆಗಣಿಸುವ ವೈದ್ಯರನ್ನು ಬದಲಿಸುವುದು ಹೇಗೆ

ಪ್ರತಿ ತಿಂಗಳೂ ಹಾಸಿಗೆ ಹಿಡಿಸುವಷ್ಟು ಹೊಟ್ಟೆನೋವು ಬರುತ್ತಿದ್ದರೂ ವೈದ್ಯರು "ಮದುವೆಯಾದರೆ ಸರಿಹೋಗುತ್ತದೆ" ಎಂದಷ್ಟೇ ಹೇಳಿ ಕಳುಹಿಸುತ್ತಿದ್ದರೆ, ಅದು ರೋಗನಿರ್ಣಯವಲ್ಲವೆಂದು ತಿಳಿಯಬೇಕು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅದರ ಹೊರಗೆ ಬೆಳೆದು ಇಂಥ ನೋವು ತರಬಲ್ಲ ಎಂಡೊಮೆಟ್ರಿಯೋಸಿಸ್ ಕಾಯಿಲೆಯು, ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 10ರಷ್ಟು ಮಂದಿಯನ್ನು ಬಾಧಿಸುತ್ತದೆ. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ಅದು ಇಲ್ಲವೆಂದಾಗುವುದಿಲ್ಲ.

ಆದರೆ ಒಂದೇ ಭೇಟಿಯ ಬೇಸರದಲ್ಲಿ ವೈದ್ಯರನ್ನು ಬಿಡುವುದು ನನಗೆ ಸರಿಕಾಣುವುದಿಲ್ಲ. ಎರಡು ಮೂರು ತಿಂಗಳ ಕಾಲ ನೋವಿನ ದಿನಾಂಕ, ತೀವ್ರತೆ, ನುಂಗಿದ ಮಾತ್ರೆ, ತಪ್ಪಿಹೋದ ಕೆಲಸದ ದಿನಗಳನ್ನು ಬರೆದಿಟ್ಟುಕೊಂಡು, "ಯಾವ ಕಾಯಿಲೆಗಳನ್ನು, ಯಾವ ಆಧಾರದ ಮೇಲೆ ತಳ್ಳಿಹಾಕಿದ್ದೀರಿ?" ಎಂದು ನೇರವಾಗಿ ಕೇಳಬೇಕು. ಉತ್ತರವಾಗಿ ಗದರಿಕೆಯೋ ನಗೆಯೋ ಬಂದರೆ ಇನ್ನು ಕಾಯಬೇಕಾಗಿಲ್ಲ.

ಹೊರಡುವ ಮುನ್ನ ದಾಖಲೆಗಳನ್ನು ಪಡೆಯಿರಿ. ರೋಗಿ ಕೇಳಿದರೆ ವೈದ್ಯಕೀಯ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ; ಕೋರಿಕೆಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದು ಲೇಸು. ನಡೆಯುತ್ತಿರುವ ಹಾರ್ಮೋನು ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.

ಲ್ಯಾಪರೊಸ್ಕೋಪಿಯಲ್ಲಿ (ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಿಂದ ಒಳಗೆ ನೋಡುವ ವಿಧಾನ) ಅನುಭವವಿರುವ ಸ್ತ್ರೀರೋಗ ತಜ್ಞರನ್ನು ಹುಡುಕಿ, ಹಿಂದಿನ ವೈದ್ಯರ ಮೇಲಿನ ದೂರಿನಿಂದಲ್ಲ, ನೋವಿನ ಟಿಪ್ಪಣಿಯಿಂದಲೇ ಮಾತು ಆರಂಭಿಸಿ. ನಡುವೆ ಹಠಾತ್ತನೆ ಅಸಹನೀಯ ನೋವು, ತಲೆಸುತ್ತು ಅಥವಾ ವಿಪರೀತ ರಕ್ತಸ್ರಾವ ಕಂಡರೆ, ಹೊಸ ವೈದ್ಯರ ಸರದಿಗಾಗಿ ಕಾಯದೆ ಹತ್ತಿರದ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ.