ಬಾವಿಯ ಲಾಗ್‌ಗಳಲ್ಲಿ ಸಮುದ್ರದ ಏರಿಳಿತವನ್ನು ಗುರುತಿಸುವ ಕ್ರಮ

ಎರಡು ತೈಲ ಬಾವಿಗಳಲ್ಲಿ ಹೆಚ್ಚುಕಡಿಮೆ ಒಂದೇ ಆಳದಲ್ಲಿ ಮರಳುಶಿಲೆ ಸಿಕ್ಕಿತೆಂಬ ಕಾರಣಕ್ಕೆ ಅವು ಒಂದೇ ಪದರವೆಂದು ಗೆರೆ ಎಳೆದು ಜೋಡಿಸಬಾರದು. ನದಿಗಳು ತರುವ ಮರಳಿನಿಂದ ದಡವು ಸಮುದ್ರದೊಳಕ್ಕೆ ಬೆಳೆಯುತ್ತಾ ಹೋಗುವಾಗ, ಹಿಂದಿನ ಮರಳಿಗಿಂತ ಮುಂದಿನ ಮರಳು ಎಷ್ಟೋ ಸಾವಿರ ವರ್ಷ ಈಚಿನದಾಗಿರಬಹುದು. ಸಮುದ್ರದ ಏರಿಳಿತಕ್ಕೆ ತಕ್ಕಂತೆ ಪದರಗಳನ್ನು ಕಂತುಗಳಾಗಿ ವಿಂಗಡಿಸಿ ಓದುವ ಸೀಕ್ವೆನ್ಸ್ ಸ್ಟ್ರಾಟಿಗ್ರಫಿಯಲ್ಲಿ ನಾವು ಹುಡುಕುವುದು ಒಂದೇ ಬಗೆಯ ಶಿಲೆಯನ್ನಲ್ಲ, ಒಂದೇ ಕಾಲವನ್ನು ಸೂಚಿಸುವ ಮೇಲ್ಮೈಗಳನ್ನು. ಪೀಟರ್ ವೇಲ್ ಮತ್ತು ಅವರ ಸಹೋದ್ಯೋಗಿಗಳು 1977ರಲ್ಲಿ ನೆಲದೊಳಗಿನ ಪದರಗಳಿಂದ ಮರಳಿದ ಕಂಪನಗಳಿಂದ ಪಡೆದ ಸೀಸ್ಮಿಕ್ ಚಿತ್ರಗಳ ಆಧಾರದ ಮೇಲೆ ಈ ವಿಧಾನಕ್ಕೆ ರೂಪ ಕೊಟ್ಟರು.

ಮೊದಲು ಗಾಮಾ ಲಾಗನ್ನು, ಅಂದರೆ ಬಾವಿಯುದ್ದಕ್ಕೂ ಶಿಲೆಯ ಸಹಜ ವಿಕಿರಣವನ್ನು ಅಳೆದ ದಾಖಲೆಯನ್ನು, ಕೆಳಗಿನಿಂದ ಮೇಲಕ್ಕೆ ಓದಬೇಕು. ಜೇಡಿಯಲ್ಲಿ ಪೊಟ್ಯಾಸಿಯಂ ಮತ್ತು ಥೋರಿಯಂ ಹೆಚ್ಚಿರುವುದರಿಂದ ಅಲ್ಲಿ ಓದು ಹೆಚ್ಚಾಗಿ, ಶುದ್ಧ ಮರಳಿನಲ್ಲಿ ಕಡಿಮೆಯಾಗಿ ಕಾಣುತ್ತದೆ. ಅಭ್ರಕ ಅಥವಾ ಫೆಲ್ಡ್‌ಸ್ಪಾರ್ ತುಂಬಿದ ಮರಳು ಮಾತ್ರ ಮೋಸ ಮಾಡಬಲ್ಲದು, ಆದ್ದರಿಂದ ಕೋರ್ (ಬಾವಿಯಿಂದ ಕೊರೆದು ತೆಗೆದ ಶಿಲೆಯ ತುಂಡು) ಇದ್ದರೆ ಅದನ್ನು ಮೊದಲು ನೋಡುವುದು ಒಳ್ಳೆಯದು. ಮೇಲಕ್ಕೆ ಹೋದಂತೆ ಓದು ನಿಧಾನವಾಗಿ ಇಳಿದು, ಅನಂತರ ಥಟ್ಟನೆ ಏರಿದರೆ, ದಡ ಮುಂದೊತ್ತಿ ಬಂದ ಮೇಲೆ ನೀರು ಅದನ್ನು ಮುಳುಗಿಸಿತೆಂದು ತಿಳಿಯಬೇಕು. ಇಂಥ ಒಂದು ಕಂತಿಗೆ ಪ್ಯಾರಾಸೀಕ್ವೆನ್ಸ್ ಎನ್ನುತ್ತಾರೆ. ಅಮೆರಿಕದ ಯೂಟಾದ ಬುಕ್ ಕ್ಲಿಫ್ಸ್ ಬಂಡೆಗಳಲ್ಲಿ ಇವು ಕಣ್ಣಿಗೇ ಕಾಣುತ್ತವೆ: ಬ್ಲ್ಯಾಕ್‌ಹಾಕ್ ಮರಳುಶಿಲೆಯ ನಾಲಗೆಗಳು ಪೂರ್ವಕ್ಕೆ ತೆಳುವಾಗುತ್ತಾ, ಜೇಡಿ ಗಟ್ಟಿಯಾಗಿ ಆದ ಮ್ಯಾಂಕೋಸ್ ಶೇಲ್‌ನೊಳಗೆ ಕರಗಿಹೋಗುತ್ತವೆ.

ನನ್ನ ಅಭಿಪ್ರಾಯದಲ್ಲಿ ಜೋಡಣೆಯನ್ನು, ಸಮುದ್ರವು ನೆಲದ ಮೇಲೆ ಅತಿ ಹೆಚ್ಚು ಒಳಕ್ಕೆ ಬಂದ ಕಾಲವನ್ನು ಸೂಚಿಸುವ ಗರಿಷ್ಠ ಮುಳುಗಡೆಯ ಮೇಲ್ಮೈಯಿಂದಲೇ ಆರಂಭಿಸಬೇಕು. ಆ ಹೊತ್ತಿನಲ್ಲಿ ಮರಳೆಲ್ಲ ದಡದ ಬಳಿಯೇ ಉಳಿದು, ಒಳಗಡಲಿಗೆ ಬಹಳ ಕಡಿಮೆ ಹೂಳು ತಲುಪುತ್ತದೆ. ಹೀಗಾಗಿ ಸಾವಯವ ಅಂಶ ದಟ್ಟವಾದ ತೆಳು ಶೇಲ್ ರೂಪುಗೊಂಡು, ಗಾಮಾ ಲಾಗ್‌ನಲ್ಲಿ ಎತ್ತರದ ಶಿಖರ ಮೂಡುತ್ತದೆ. ಅದೇ ಪದರದಲ್ಲಿ ಗ್ಲಾಕೊನೈಟ್ ಎಂಬ ಹಸಿರು ಖನಿಜ, ಫಾಸ್ಫೇಟ್ ಮತ್ತು ಹೇರಳವಾದ ಸೂಕ್ಷ್ಮ ಪಳೆಯುಳಿಕೆಗಳು ಸಿಕ್ಕರೆ ಗುರುತು ಗಟ್ಟಿಯಾಗುತ್ತದೆ.

ಸೀಕ್ವೆನ್ಸ್‌ನ ಎಲ್ಲೆಯನ್ನು, ಅಂದರೆ ಸಮುದ್ರ ಮಟ್ಟ ಇಳಿದಾಗ ಮೂಡಿದ ಸವೆತದ ಮೇಲ್ಮೈಯನ್ನು, ಗುರುತಿಸುವುದು ಇದಕ್ಕಿಂತ ಕಷ್ಟ. ಆಳದ ಸಮುದ್ರದ ಶೇಲ್ ಮೇಲೆ, ನಡುವಿನ ದಡದ ಮರಳು ಇಲ್ಲದೆಯೇ, ನೇರವಾಗಿ ನದಿಯ ಒರಟು ಮರಳು ಕುಳಿತಿದ್ದರೆ ಸಮುದ್ರ ಮಟ್ಟ ಇಳಿದು ನದಿಯು ತಗ್ಗನ್ನು ಕೊರೆದಿರಬಹುದು. ಆದರೆ ಪ್ರತಿಯೊಂದು ನದಿಪಾತ್ರವೂ ತನ್ನ ತಳವನ್ನು ಕೊರೆದೇ ಇರುತ್ತದೆ. ಅದೇ ಮೇಲ್ಮೈ ಪಕ್ಕದ ಬಾವಿಗಳಲ್ಲಿ ಬೇರಿನ ಗುರುತುಗಳುಳ್ಳ ಹಳೆಯ ಮಣ್ಣಾಗಿ ಮುಂದುವರಿದಿದೆಯೇ ಎಂದು ನೋಡದೆ ಎಲ್ಲೆಯೆಂದು ಬರೆಯಬಾರದು. ಭೂಮಿಯ ಕುಸಿತ ಮತ್ತು ಹೂಳಿನ ಪ್ರಮಾಣವೂ ಇಂಥದೇ ಚಿತ್ರ ಮೂಡಿಸಬಲ್ಲವಾದ್ದರಿಂದ, ಜಾಗತಿಕ ಸಮುದ್ರ ಮಟ್ಟದ ನಕ್ಷೆಯನ್ನು ಬೇಸಿನ್ (ಹೂಳು ತುಂಬಿದ ತಗ್ಗು ಪ್ರದೇಶ) ಮೇಲೆ ಬಲವಂತವಾಗಿ ಹೊರಿಸುವುದು ತಪ್ಪು.

ಎಲ್ಲೆಗಳು ಸಿದ್ಧವಾದ ಮೇಲೆ ತೈಲ, ಅನಿಲಗಳ ಪ್ರಶ್ನೆಗೆ ಬರಬಹುದು. ಮಟ್ಟ ಇಳಿದಾಗ ಮರಳು ಭೂಖಂಡದ ಅಂಚನ್ನು ದಾಟಿ ಆಳಕ್ಕೆ ಜಾರುತ್ತದೆ. ಬಂಗಾಳ ಕೊಲ್ಲಿಯ ಕೃಷ್ಣಾ–ಗೋದಾವರಿ ಬೇಸಿನ್‌ನಲ್ಲಿ 2002ರಲ್ಲಿ ಪತ್ತೆಯಾದ ಡಿ6 ಬ್ಲಾಕ್‌ನ ಅನಿಲವು ಆಳಸಮುದ್ರದ ಕಾಲುವೆಗಳಲ್ಲಿ ಶೇಖರವಾದ ಇಂಥ ಮರಳಿನಲ್ಲೇ ಇದೆ. ಮಟ್ಟ ಏರಿದಾಗ ಕೂಡಿದ ಶೇಲ್ ಮುಚ್ಚಳವಾಗುತ್ತದೆ. ಎರಡು ಪ್ಯಾರಾಸೀಕ್ವೆನ್ಸ್‌ಗಳ ನಡುವಿನ ತೆಳು ಶೇಲನ್ನು ನಕ್ಷೆಯಲ್ಲಿ ಬಿಟ್ಟುಬಿಡುವ ಅಭ್ಯಾಸವಂತೂ ದುಬಾರಿಯಾದೀತು: ತೈಲವನ್ನು ಹೊರತಳ್ಳಲೆಂದು ಮೇಲಿನ ಮರಳಿಗೆ ತುಂಬಿದ ನೀರು ಕೆಳಗಿನ ತೈಲವನ್ನು ತಳ್ಳದೇ ಹೋಗಬಹುದು. ಆ ಶೇಲ್ ನಿಜವಾಗಿಯೂ ತಡೆಯೊಡ್ಡುತ್ತಿದೆಯೇ ಎಂಬುದನ್ನು, ಅದರ ಮೇಲೂ ಕೆಳಗೂ ಅಳೆದ ಒತ್ತಡಗಳನ್ನು ಹೋಲಿಸಿ ನಿರ್ಧರಿಸಬೇಕು.